ಗಟಾರದ ಉಮೇದವಾರಿ

ಮನೆಯಲ್ಲಿ ಹೆಣ್ಣುಮಗಳೊಬ್ಬಳು ಇಂಜಿನಿಯರಿಂಗ್ ವಿದ್ಯಾಲಯದ ಕಡೆಯ ವರ್ಷಕ್ಕೆ ಬಂದಳೆಂದರೆ ಆ ಮನೆಯವರ ಮಾತೆಲ್ಲ ಬೆಂಗಳೂರಿನ ಕಡೆಗೆ ತಿರುಗುವುದು ಈಗಿನ ರೂಢಿ. ನಮ್ಮ ಮನೆಯೂ ಇದಕ್ಕೆ ಹೊರತಲ್ಲ. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿರುವ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಕುಳಿತು, ನನ್ನ ಅಣ್ಣನ ಮಗಳು ಯಾವ ಕಂಪನಿಗೆ ಹೋಗತಕ್ಕವಳು, ಎಷ್ಟು ಪಗಾರ ತರತಕ್ಕವಳು ಎಂದು ನಾವು ಹಿರಿಯರು ಲೆಕ್ಕ ಹಾಕುತ್ತಿರುವಾಗಲೇ ಆಕೆಯು ಒಳಗೆ ಬಂದು, ತಾನು ಇಂಟರ್ನ್‌ಶಿಪ್ಪಿಗಾಗಿ ಒಳಚರಂಡಿಯ ಇಲಾಖೆಯನ್ನು ಆರಿಸಿಕೊಂಡಿರುವೆನೆಂದು ಹೇಳಿದಳು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಮೊದಲು ಬಾಯಿ ತೆರೆದವರು ನಮ್ಮ ತಾಯಿಯವರು.

“ಅಲ್ಲವಾ, ಇಷ್ಟೆಲ್ಲಾ ಓದಿ ಗಟಾರ ನೋಡ್ಲಿಕ್ಕೆ ಹೋಗ್ತೀಯೇನು?”

“ನೋಡ್ಲಿಕ್ಕಲ್ಲ ಅಜ್ಜಿ, ಕಲೀಲಿಕ್ಕೆ.”

“ಅದರಾಗ ಕಲೀಲಿಕ್ಕೆ ಏನದ? ನೀರು ತಗ್ಗಿಗೆ ಹರೀತದ.”

ಹುಡುಗಿಯು ನಕ್ಕಳು. ಮುಂದೆ ನಾಲ್ಕು ತಿಂಗಳಲ್ಲಿ ಆಕೆ ಕಲಿತುಬಂದ ವಿದ್ಯೆಯ ಮೊದಲನೆಯ ಪುಟವು ಅಜ್ಜಿಯ ಆ ಮಾತೇ ಆಗಿತ್ತೆಂಬುದು ನಮಗೆ ಆಗ ತಿಳಿದಿರಲಿಲ್ಲ.

ಇಂಟರ್ನ್‌ಶಿಪ್ ಎಂಬ ಶಬ್ದವು ಹೊಸದೇ ಹೊರತು ಆ ಪದ್ಧತಿಯು ನಮ್ಮ ಕಡೆಗೆ ಹೊಸದಲ್ಲ. ಧಾರವಾಡ ಸೀಮೆಯು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ ಸರಕಾರಿ ಕಚೇರಿಗಳಲ್ಲಿ ಉಮೇದವಾರರೆಂಬ ತರುಣರು ಇರುತ್ತಿದ್ದರು. ಕಾರಕೂನನ ಮಗ್ಗುಲಲ್ಲಿ ಕುಳಿತು ದಪ್ತರ ಕಟ್ಟುವುದು, ನಕಲು ತೆಗೆಯುವುದು, ಸಾಹೇಬರ ಮನಸ್ಸನ್ನು ಅರಿಯುವುದು, ಇವೇ ಅವರ ಪಾಠಗಳು. ಪಗಾರದ ಮಾತೇ ಇಲ್ಲ. ಅನ್ನಕ್ಕೆ ಮನೆಯ ಹೊಲ, ಆಶೆಗೆ ಕಚೇರಿ. ಕೆಲವರು ಹೀಗೆಯೇ ವರ್ಷಗಟ್ಟಲೆ ಕುಳಿತು ಮುಪ್ಪಾದರೆಂದು ಹಿರಿಯರು ನಗೆಯಾಡುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದೇನೆ. ಅದಿರಲಿ. ಮಗ್ಗುಲಲ್ಲಿ ಕುಳಿತು ಕಲಿಯುವುದರಲ್ಲಿ ಒಂದು ಘನತೆಯೂ ಉಂಟು. ಗಂಗೂಬಾಯಿ ಹಾನಗಲ್ಲರ ‘ಗಂಗಾಲಹರಿ’ ಮನೆಯೂ ಸವಾಯಿ ಗಂಧರ್ವರ ಹೆಸರಿನ ಕಲಾಮಂದಿರವೂ ಇರುವುದು ನಮ್ಮ ಈ ದೇಶಪಾಂಡೆ ನಗರದಲ್ಲಿಯೇ. ಆ ಗಾಯಕಿಯು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಗುರುಗಳ ಎದುರಿಗೆ ಕುಳಿತು ಕಲಿತ ಕಥೆಯನ್ನು ಇಲ್ಲಿಯವರಿಗೆ ಹೇಳತಕ್ಕದ್ದೇನೂ ಇಲ್ಲ. ಪುಸ್ತಕದಲ್ಲಿ ಬರೆಯಲು ಬಾರದ ವಿದ್ಯೆಯನ್ನು ಬಲ್ಲವರ ಬಳಿಗೆ ಹೋಗಿಯೇ ಪಡೆಯಬೇಕು. ಕೊಳಚೆನೀರಿನ ವಿದ್ಯೆಯೂ ಅಂಥವುಗಳಲ್ಲಿ ಒಂದು ಎಂದರೆ ಸಂಗೀತಪ್ರಿಯರು ನನ್ನ ಮೇಲೆ ಸಿಟ್ಟಾಗಬಾರದು.

ಈಗ ಈ ಉಮೇದವಾರಿಯಲ್ಲಿ ಮೂರು ಬಗೆಗಳಿವೆ. ತಂದೆತಾಯಿಗಳು ಇವನ್ನು ಒಂದಕ್ಕೊಂದು ಬೆರೆಸಿ ಗೊಂದಲ ಮಾಡಿಕೊಳ್ಳುತ್ತಾರೆ. ಒಬ್ಬ ಕೆಲಸಗಾರನ ಹಿಂದೆ ಒಂದೆರಡು ದಿನ ನೆರಳಿನಂತೆ ನಡೆದು ಅವನು ಮಾಡುವುದನ್ನೆಲ್ಲ ನೋಡಿಬರುವುದು ಮೊದಲನೆಯದು. ಇದಕ್ಕೆ ಇಂಗ್ಲಿಷರು ಜಾಬ್ ಶ್ಯಾಡೋಯಿಂಗ್ ಎನ್ನುತ್ತಾರೆ. ಇದರಲ್ಲಿ ಕೈಯಿಂದ ಮಾಡತಕ್ಕದ್ದು ಏನೂ ಇಲ್ಲ, ಕಣ್ಣು ಕಿವಿಗಳಿಗೇ ಕೆಲಸ. ಪ್ರೌಢಶಾಲೆಯ ಮಕ್ಕಳಿಗೂ ಸಲ್ಲುತ್ತದೆ. ಎರಡನೆಯದು ಇಂಟರ್ನ್‌ಶಿಪ್. ನಮ್ಮ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಭ್ಯಾಸಕ್ರಮದಲ್ಲಿ ಇದು ಕಡ್ಡಾಯವಾಗಿದ್ದು, ಹಲವು ವಾರಗಳ ಕಾಲ ಒಂದು ಸಂಸ್ಥೆಯಲ್ಲಿದ್ದು, ದಿನಚರಿ ಬರೆದು, ವರದಿ ಒಪ್ಪಿಸಬೇಕಾಗುತ್ತದೆ. ಮೂರನೆಯದು ಅಪ್ರೆಂಟಿಸ್ ಕೆಲಸ. ಇದಕ್ಕೆ ೧೯೬೧ರ ಕಾಯಿದೆಯ ಆಧಾರವಿದೆ. ೧೯೭೩ರ ತಿದ್ದುಪಡಿಯಿಂದ ಪದವಿ ಮತ್ತು ಡಿಪ್ಲೊಮಾ ಪಡೆದ ಇಂಜಿನಿಯರರೂ ಅದರಲ್ಲಿ ಸೇರಿದರು. ಇದರಲ್ಲಿ ಕರಾರುಪತ್ರವುಂಟು, ತಿಂಗಳ ಭತ್ತೆಯುಂಟು. ೨೦೧೯ರ ನಿಯಮಗಳಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ ೯,೦೦೦ ರೂಪಾಯಿ, ಡಿಪ್ಲೊಮಾದವರಿಗೆ ೮,೦೦೦ ರೂಪಾಯಿ ಎಂದು ಗೊತ್ತುಮಾಡಲಾಯಿತು. ಆ ಕನಿಷ್ಠ ಭತ್ತೆಯ ಅರ್ಧಪಾಲನ್ನು ಕೇಂದ್ರ ಸರಕಾರವು ಹೊರುವಂತೆ ಏರ್ಪಾಡಾಗಿದೆ. ನಮ್ಮ ರಾಜ್ಯದ ಮಟ್ಟಿಗೆ ಈ ಪದವೀಧರರ ವ್ಯವಹಾರವನ್ನು ಚೆನ್ನೈಯಲ್ಲಿರುವ ದಕ್ಷಿಣ ವಲಯದ ಅಪ್ರೆಂಟಿಸ್ ತರಬೇತಿ ಮಂಡಳಿಯು ನೋಡುತ್ತದೆ. ಇವಲ್ಲದೆ ೨೦೨೦ರ ಜೂನ್ ೪ರಂದು ಕೇಂದ್ರ ನಗರಾಭಿವೃದ್ಧಿ ಖಾತೆಯೂ ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಪರಿಷತ್ತೂ ಕೂಡಿ ‘ಟ್ಯೂಲಿಪ್’ ಎಂಬ ಯೋಜನೆಯನ್ನು ಹೊರಡಿಸಿದುವು. ಪದವಿ ಮುಗಿದು ಹದಿನೆಂಟು ತಿಂಗಳು ಕಳೆಯದ ತರುಣರು ನಗರಸಭೆ, ಮಹಾನಗರಪಾಲಿಕೆಗಳಲ್ಲಿ ಎಂಟು ವಾರಗಳಿಂದ ಒಂದು ವರ್ಷದ ವರೆಗೆ ಕೆಲಸ ಕಲಿಯಲೆಂಬುದು ಅದರ ಉದ್ದೇಶ.

ಆದರೆ ಅರ್ಜಿಯನ್ನು ಯಾರಿಗೆ ಕೊಡಬೇಕು? ಇಲ್ಲಿಯೇ ಬಹಳ ಮಂದಿ ಎಡವುವರು. ಬೆಂಗಳೂರಿನಲ್ಲಿ ೧೯೬೪ರ ಕಾಯಿದೆಯಿಂದ ಹುಟ್ಟಿದ ಜಲಮಂಡಳಿಯು ನೀರು ಕೊಡುವುದನ್ನೂ ಕೊಳಚೆಯನ್ನು ಒಯ್ಯುವುದನ್ನೂ ತಾನೇ ಮಾಡುತ್ತದೆ. ಉಳಿದ ಊರುಗಳಲ್ಲಿ ೧೯೭೩ರ ಕಾಯಿದೆಯ ಮೇರೆಗೆ ಸ್ಥಾಪಿತವಾದ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ಸಾಮಾನ್ಯವಾಗಿ ಕಾಮಗಾರಿಗಳನ್ನು ಕಟ್ಟಿಸಿಕೊಡುತ್ತದೆ, ಕಟ್ಟಿದ ಮೇಲೆ ಅವನ್ನು ನಡೆಸುವ ಭಾರವು ಸ್ಥಳಿಕ ಸಂಸ್ಥೆಗೆ ಬರುತ್ತದೆ. ಹುಬ್ಬಳ್ಳಿ-ಧಾರವಾಡಗಳಿಗೆ ೧೯೬೨ರಿಂದ ಮಹಾನಗರಪಾಲಿಕೆಯಿದೆ. ಆದುದರಿಂದ ಕೊಳವೆ ಹೂಳುವುದನ್ನು ಕಲಿಯಬೇಕೆನ್ನುವವನು ಮಂಡಳಿಯ ಕಚೇರಿಗೆ ಹೋಗಬೇಕು, ಹೂಳಿದ ಕೊಳವೆ ಕಟ್ಟಿಕೊಂಡಾಗ ಏನು ಮಾಡಬೇಕೆಂದು ಕಲಿಯುವವನು ಪಾಲಿಕೆಗೆ ಹೋಗಬೇಕು. ಶುದ್ಧೀಕರಣ ಘಟಕವನ್ನು ಎಷ್ಟೋ ಕಡೆ ಗುತ್ತಿಗೆದಾರರು ನಡೆಸುತ್ತಾರಾದ್ದರಿಂದ ಅಲ್ಲಿ ಅಧಿಕಾರಿಯ ಪತ್ರದ ಜೊತೆಗೆ ಗುತ್ತಿಗೆದಾರನ ಒಪ್ಪಿಗೆಯೂ ಬೇಕಾಗುತ್ತದೆ.

ನಮ್ಮ ಹುಡುಗಿಯು ತನ್ನ ಸೋದರಮಾವನ ಊರಿನಲ್ಲಿ ಜಾಗ ಹುಡುಕಿದಳು. ಆ ಊರು ಹುಬ್ಬಳ್ಳಿಯಲ್ಲ. ಹೆಸರು ಇಲ್ಲಿ ಬೇಡ. ಆಕೆಯ ಮೊದಲ ಅರ್ಜಿಯು ಒಂದು ಕಚೇರಿಯಲ್ಲಿ ಮೂರು ವಾರ ಮಲಗಿತು. ಎರಡನೆಯ ಸಲ ಹೋದಾಗ ಆ ಕಾಗದವೇ ಸಿಕ್ಕಲಿಲ್ಲ. “ಹೆಣ್ಣುಮಕ್ಕಳಿಗೆ ಇದು ಆಗೂದಿಲ್ಲ, ಪ್ರಮಾಣಪತ್ರ ಬೇಕಂದ್ರ ಕೊಡಸ್ತೀನಿ, ಬರೂದು ಬ್ಯಾಡ,” ಎಂದು ಒಬ್ಬ ಸಾಹೇಬರು ದಯೆಯಿಂದಲೇ ಹೇಳಿದರಂತೆ. ಈ ದಯೆಯೇ ನಮ್ಮ ತರುಣರಿಗೆ ಆಗುತ್ತಿರುವ ದೊಡ್ಡ ಅಪಕಾರವೆಂದು ನನ್ನ ಅಭಿಪ್ರಾಯ. ಕೆಲಸವನ್ನು ನೋಡದೆಯೇ ನೋಡಿದೆನೆಂಬ ಕಾಗದವನ್ನು ಹಿಡಿದು ಹೊರಬೀಳುವ ಮಕ್ಕಳೆಷ್ಟು! ಅಂಥ ಕಾಗದವನ್ನು ಸಂತೋಷದಿಂದ ತೆಗೆದುಕೊಳ್ಳುವ ತಂದೆಗಳೂ ಎಷ್ಟು ಮಂದಿ! ಆಕೆ ಒಪ್ಪಲಿಲ್ಲ. ಮೂರನೆಯ ಸಲ ತನ್ನ ವಿದ್ಯಾಲಯದ ಪ್ರಾಧ್ಯಾಪಕರ ಪತ್ರವನ್ನು ತೆಗೆದುಕೊಂಡು ಹೋಗಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಮರಳಿದಳು. ಆ ಮುದ್ರೆಯನ್ನು ಬೇಡುವುದು ಅವಿನಯವಲ್ಲವೆಂದು ಎಲ್ಲ ಮಕ್ಕಳಿಗೂ ಹೇಳಬೇಕಾಗಿದೆ.

ಮೊದಲ ವಾರದಲ್ಲಿ ಆಕೆ ಓಣಿಗಳಲ್ಲಿ ನಡೆದಳು. ಅಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಿಯ ಹೊಸ್ತಿಲಲ್ಲಿದ್ದ ಹಿರಿಯ ಕೆಲಸಗಾರರೊಬ್ಬರ ಹಿಂದೆ ನೆರಳಾಗಿ ಹೋಗುವುದಷ್ಟೆ ಆಕೆಯ ಕೆಲಸ. ಕಚೇರಿಯಲ್ಲಿದ್ದ ನಕ್ಷೆಗೂ ನೆಲದೊಳಗಿದ್ದ ಕೊಳವೆಗೂ ಹಲವು ಕಡೆ ಸಂಬಂಧವೇ ಇರಲಿಲ್ಲವಂತೆ. ಯಾವ ಮ್ಯಾನ್‌ಹೋಲಿನಿಂದ ಯಾವ ಮ್ಯಾನ್‌ಹೋಲಿಗೆ ನೀರು ಹೋಗುವುದು, ಯಾವುದನ್ನು ಡಾಂಬರಿನ ಕೆಳಗೆ ಹೂತುಬಿಟ್ಟಿದ್ದಾರೆ, ಯಾವ ಮದುವೆಯ ಕಾರ್ಯಾಲಯದ ಎಣ್ಣೆಜಿಡ್ಡು ಯಾವ ತಿರುವಿನಲ್ಲಿ ಹೆಪ್ಪುಗಟ್ಟುತ್ತದೆ, ಇವೆಲ್ಲ ಆ ಹಿರಿಯರ ತಲೆಯಲ್ಲಿದ್ದುವು. ಅವರು ಮನೆಗೆ ಹೋದ ದಿನ ಆ ಊರಿನ ನಿಜವಾದ ನಕ್ಷೆಯೂ ಮನೆಗೆ ಹೋಗುವುದಿತ್ತು. ಹುಡುಗಿಯು ತನ್ನ ಮೊಬೈಲಿನಲ್ಲಿ ಒಂದೊಂದು ಮ್ಯಾನ್‌ಹೋಲಿನ ಸ್ಥಾನವನ್ನೂ ಗುರುತು ಹಾಕಿಕೊಂಡು, ಅವರು ಹೇಳಿದುದನ್ನು ಅದರ ಎದುರಿಗೆ ಬರೆದುಕೊಂಡಳು. ನೂರ ನಲವತ್ತು ಗುರುತುಗಳಾದುವು. ಆಕೆಯ ವರದಿಯಲ್ಲಿ ಇಲಾಖೆಗೆ ಉಪಯೋಗವಾದ ಭಾಗವು ಇದೊಂದೇ ಎಂದು ಆಕೆಯೇ ಹೇಳುತ್ತಾಳೆ. ಅದರ ಮೇಲೆ ಆ ಹಿರಿಯರ ಹೆಸರನ್ನು ತನ್ನ ಹೆಸರಿಗಿಂತ ಮೊದಲು ಬರೆದಿದ್ದಾಳೆ. ವಿದೇಶಗಳಲ್ಲಿ ಕೂಡ ಹಳೆಯ ಕೆಲಸಗಾರರು ನಿವೃತ್ತರಾಗುವ ಮೊದಲೇ ಅವರ ಮಗ್ಗುಲಿಗೆ ತರುಣರನ್ನು ತಂದು ನಿಲ್ಲಿಸುವ ಪ್ರಯತ್ನವು ನಡೆದಿರುವುದು ಈ ಕಾರಣದಿಂದಲೇ.

ಅಜ್ಜಿಯ ಮಾತಿನ ಅರ್ಥವೂ ಅದೇ ವಾರದಲ್ಲಿ ಬಿಚ್ಚಿತು. ನೀರು ತಗ್ಗಿಗೆ ಹರಿಯುವುದೇನೋ ನಿಜ. ಎಷ್ಟು ವೇಗದಿಂದ ಹರಿಯಬೇಕೆಂಬುದೇ ಪ್ರಶ್ನೆ. ಕೊಳಚೆಯ ನೀರು ಸೆಕೆಂಡಿಗೆ ಸುಮಾರು ೦.೬ ಮೀಟರಿನಷ್ಟಾದರೂ, ಎಂದರೆ ಎರಡು ಅಡಿಯಷ್ಟಾದರೂ, ಸಾಗಬೇಕು. ಇದಕ್ಕಿಂತ ನಿಧಾನವಾದರೆ ಉಸುಕೂ ಜಿಡ್ಡೂ ತಳಕ್ಕೆ ಕೂಡುವುವು. ೩ ಮೀಟರನ್ನು ಮೀರಿದರೆ ಆ ಉಸುಕೇ ಕೊಳವೆಯನ್ನು ಉಜ್ಜಿ ತೆಳ್ಳಗೆ ಮಾಡುವುದು. ಆದುದರಿಂದ ಇಳಿಜಾರು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಇದರಲ್ಲಿ ನಮ್ಮ ಹುಬ್ಬಳ್ಳಿಯಂಥ ಊರುಗಳಿಗೆ ಒಂದು ವಿಶೇಷ ತೊಡಕುಂಟು. ನಳದ ನೀರು ವಾರಕ್ಕೊಮ್ಮೆ ಬರುವ ಓಣಿಗಳಲ್ಲಿ ಜನರು ನೀರನ್ನು ತುಪ್ಪದಂತೆ ಬಳಸುತ್ತಾರೆ. ನೀರು ಬಂದ ದಿನ ಹಂಡೆ, ಕೊಡ, ಪಿಪಾಯಿಗಳನ್ನೆಲ್ಲ ತೊಳೆದು ಚೆಲ್ಲುತ್ತಾರೆ. ಕೊಳವೆಯಲ್ಲಿ ಆರು ದಿನ ಬರಗಾಲ, ಒಂದು ದಿನ ಪ್ರವಾಹ. ೨೦೦೮ರಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ ಇಪ್ಪತ್ತನಾಲ್ಕು ತಾಸು ನೀರು ಕೊಡುವ ಪ್ರಯೋಗವು ನಡೆದಾಗ ಎಲ್ಲರೂ ನಳವನ್ನೇ ನೋಡಿದರು. ಆ ನೀರು ಹೊರಗೆ ಹೋಗುವ ದಾರಿಯನ್ನು ಯೋಚಿಸಿದವರು ಎಷ್ಟು ಮಂದಿ?

ಲೆಕ್ಕವೇನೂ ಕಷ್ಟದ್ದಲ್ಲ. ಒಳಚರಂಡಿಯುಳ್ಳ ಪಟ್ಟಣದಲ್ಲಿ ತಲೆಗೆ ದಿನಕ್ಕೆ ೧೩೫ ಲೀಟರ್ ನೀರೆಂದೂ, ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹೊರಬೀಳುವುದೆಂದೂ ಇಂಜಿನಿಯರರು ಹಿಡಿಯುತ್ತಾರೆ. ಐವರ ಸಂಸಾರದಿಂದ ದಿನಕ್ಕೆ ೫೪೦ ಲೀಟರ್. ೨೦೧೧ರ ಜನಗಣತಿಯಲ್ಲಿ ನಮ್ಮ ಅವಳಿನಗರದ ಜನಸಂಖ್ಯೆ ೯,೪೩,೭೮೮ ಇತ್ತು. ಎಲ್ಲರಿಗೂ ಆ ಪ್ರಮಾಣದಲ್ಲಿ ನೀರು ಸಿಕ್ಕಿದರೆ ದಿನಕ್ಕೆ ಹತ್ತು ಕೋಟಿ ಲೀಟರಿಗೂ ಮಿಕ್ಕಿ ಕೊಳಚೆಯಾಗುತ್ತದೆ. ಇದನ್ನು ಶುದ್ಧಮಾಡಲೆಂದು ಹುಬ್ಬಳ್ಳಿಯ ದಕ್ಷಿಣಕ್ಕೆ ಗಬ್ಬೂರಿನಲ್ಲಿ ಒಂದು ಘಟಕವುಂಟು. ಆದರೆ ಆ ಕಡೆಯ ರೈತರು ಘಟಕಕ್ಕಾಗಿ ಕಾದು ಕುಳಿತವರಲ್ಲ. ಬಿಡನಾಳ, ಕಟ್ನೂರುಗಳಂಥ ಹಳ್ಳಿಗಳಲ್ಲಿ ನಾಲೆಯ ಕೊಳಚೆನೀರನ್ನು ಹೊಲಕ್ಕೆ ಎತ್ತಿಕೊಂಡು ಬೆಳೆ ತೆಗೆಯುವ ರೂಢಿಯನ್ನು ವಿದ್ವಾಂಸರು ಅಭ್ಯಾಸ ಮಾಡಿ ೨೦೦೩ರಲ್ಲಿ ಪ್ರಕಟಿಸಿದರು. ಬೇಸಗೆಯಲ್ಲಿಯೂ ಬತ್ತದ ನೀರು, ಗೊಬ್ಬರದ ಖರ್ಚಿನಲ್ಲಿ ಉಳಿತಾಯ; ಕಳೆ ಕೀಟಗಳ ಕಾಟ, ಬರಿಗಾಲಿನಲ್ಲಿ ಆ ನೀರಿನೊಳಗೆ ನಿಲ್ಲುವವರ ಆರೋಗ್ಯಕ್ಕೆ ಅಪಾಯ. ಲಾಭಹಾನಿಗಳೆರಡೂ ಒಂದೇ ಕಾಲುವೆಯಲ್ಲಿ ಬರುತ್ತವೆ. ನಮ್ಮ ಬಚ್ಚಲಿನಿಂದ ಹೊರಟದ್ದು ಕೊತ್ತಂಬರಿಯ ಸಿವುಡಾಗಿ ನಮ್ಮ ಅಡಿಗೆಮನೆಗೆ ಮರಳಬಹುದೆಂದು ಹುಡುಗಿಯು ಊಟದ ಹೊತ್ತಿನಲ್ಲಿಯೇ ಹೇಳಿದಳು. ಆ ದಿನ ಸೊಪ್ಪನ್ನು ಮೂರು ಸಲ ತೊಳೆದರು.

ಎರಡನೆಯ ತಿಂಗಳು ಆಕೆಯನ್ನು ಶುದ್ಧೀಕರಣ ಘಟಕಕ್ಕೆ ಕಳಿಸಿದರು. ಅಲ್ಲಿ ನಡೆಯುವುದನ್ನು ಆಕೆ ನಮ್ಮ ತಾಯಿಯವರಿಗೆ ತಿಳಿಯಹೇಳಿದ ರೀತಿಯಲ್ಲಿಯೇ ಬರೆಯುತ್ತೇನೆ. ನೀರು ಒಳಗೆ ಬರುತ್ತಲೆ ಮೊದಲು ಜಾಳಿಗೆಯನ್ನು ದಾಟಬೇಕು. ಅರಿವೆ, ಪ್ಲಾಸ್ಟಿಕು, ಮಕ್ಕಳ ಆಟಿಕೆ, ಒಮ್ಮೆಯಂತೂ ಒಂದು ಹಿತ್ತಾಳೆಯ ಆರತಿತಟ್ಟೆ ಅಲ್ಲಿ ಸಿಕ್ಕಿಕೊಂಡಿದ್ದುವಂತೆ. ಮುಂದಿನ ತೊಟ್ಟಿಯಲ್ಲಿ ಉಸುಕು ಕೆಳಗಿಳಿಯುತ್ತದೆ. ಆಮೇಲೆ ಬರುವುದು ಗಾಳಿಯ ತೊಟ್ಟಿ. ಇದೇ ಇಡೀ ವಿದ್ಯೆಯ ಹೃದಯ. ತಳದಿಂದ ಗಾಳಿಯನ್ನು ಊದಿದಾಗ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹೊಲಸನ್ನು ತಿಂದು ಬೆಳೆದು ಕಂದುಬಣ್ಣದ ರಾಡಿಯಾಗಿ ಕೂಡಿಕೊಳ್ಳುತ್ತವೆ. ಮುಂದಿನ ಕೊಳದಲ್ಲಿ ಆ ರಾಡಿಯು ತಳಕ್ಕೆ ಕೂತು, ಮೇಲೆ ತಿಳಿನೀರು ನಿಲ್ಲುತ್ತದೆ. ತಳದ ರಾಡಿಯಲ್ಲಿ ಒಂದು ಪಾಲನ್ನು ತೆಗೆದು ಮತ್ತೆ ಗಾಳಿಯ ತೊಟ್ಟಿಗೆ ಹಾಕುತ್ತಾರೆ.

“ಹೆಪ್ಪು ಹಾಕಿದಂಗ,” ಎಂದರು ನಮ್ಮ ತಾಯಿಯವರು.

ಇದಕ್ಕಿಂತ ಚೆನ್ನಾಗಿ ಯಾವ ಪ್ರಾಧ್ಯಾಪಕರೂ ಹೇಳಲಾರರು. ನಿನ್ನೆಯ ಮೊಸರಿನಲ್ಲಿ ಒಂದು ಚಮಚವನ್ನು ಉಳಿಸಿಕೊಂಡವಳಿಗೆ ಇಂದಿನ ಹಾಲು ಬೇಗ ಹೆಪ್ಪಾಗುವುದು. ಈ ಸಾದಾ ಮಾತನ್ನು ಕೊಳಚೆಯ ವಿಷಯದಲ್ಲಿ ಕಂಡುಹಿಡಿದ ಕಥೆಯೂ ಉಮೇದವಾರಿಯ ಕಥೆಯೇ ಆಗಿದೆ. ಇಂಗ್ಲಂಡಿನ ಮ್ಯಾಂಚೆಸ್ಟರ್ ನಗರದ ಕೊಳಚೆಯ ಇಲಾಖೆಗೆ ಸಲಹೆಗಾರರಾಗಿದ್ದ ಗಿಲ್ಬರ್ಟ್ ಫೌಲರ್ ಎಂಬ ರಸಾಯನಶಾಸ್ತ್ರಜ್ಞರು ೧೯೧೨ರಲ್ಲಿ ನ್ಯೂಯಾರ್ಕ್ ಬಂದರಿನ ಕೊಳಕಿನ ಪ್ರಶ್ನೆಗಾಗಿ ಅಮೇರಿಕೆಗೆ ಹೋದಾಗ, ಮ್ಯಾಸಚೂಸೆಟ್ಸ್ ಸಂಸ್ಥಾನದ ಲಾರೆನ್ಸ್ ಪ್ರಯೋಗಶಾಲೆಯಲ್ಲಿ ಕೊಳಚೆನೀರಿಗೆ ಗಾಳಿಯೂದುವ ಪ್ರಯೋಗಗಳನ್ನು ನೋಡಿದರು. ಬರಿದೆ ನೋಡಿದರು, ಅಷ್ಟೆ. ಮರಳಿ ಬಂದು ತಾವು ಕಂಡುದನ್ನು ಆರ್ಡರ್ನ್, ಲಾಕೆಟ್ ಎಂಬಿಬ್ಬರಿಗೆ ಹೇಳಿದರು. ಅವರು ಸೀಸೆಗಳಲ್ಲಿ ಕೊಳಚೆಯನ್ನು ತುಂಬಿ ಗಾಳಿಯೂದಿ, ಇತರರು ಚೆಲ್ಲಿಬಿಡುತ್ತಿದ್ದ ತಳದ ರಾಡಿಯನ್ನು ಹಾಗೆಯೇ ಉಳಿಸಿಕೊಂಡು ಮತ್ತೆ ಮತ್ತೆ ಹೊಸ ಕೊಳಚೆಯನ್ನು ಹಾಕುತ್ತ ಹೋದರು. ಮೊದಲ ಸಲ ವಾರಗಟ್ಟಲೆ ಹಿಡಿದ ಶುದ್ಧೀಕರಣವು ಕಡೆಗೆ ಕೆಲವು ತಾಸುಗಳಲ್ಲಿ ಆಗತೊಡಗಿತು. ೧೯೧೪ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇಂದು ಲೋಕದ ದೊಡ್ಡ ಪಟ್ಟಣಗಳಲ್ಲಿ ಬಹಳಷ್ಟು ನಡೆಯುವುದು ಈ ವಿಧಾನವೇ ಇಲ್ಲವೆ ಇದರ ಸಂತತಿಯೇ. ಇದೇ ಫೌಲರರು ೧೯೧೬ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರೆಂಬುದು ಕನ್ನಡಿಗರು ನೆನಪಿಡತಕ್ಕ ಸಂಗತಿ.

ಘಟಕದಲ್ಲಿ ಆಕೆಗೆ ದಿನಾಲು ಮಾಡಲು ಕೊಟ್ಟ ಕೆಲಸವು ನೋಡುವುದಕ್ಕೆ ಮಕ್ಕಳಾಟದಂತಿತ್ತು. ಗಾಳಿಯ ತೊಟ್ಟಿಯ ನೀರನ್ನು ಒಂದು ಲೀಟರಿನ ಗಾಜಿನ ಅಳತೆಪಾತ್ರೆಯಲ್ಲಿ ತುಂಬಿ ಅರ್ಧ ತಾಸು ಅಲುಗಾಡಿಸದೆ ಇಟ್ಟು, ರಾಡಿಯು ಎಲ್ಲಿಯ ವರೆಗೆ ಕೂತಿತೆಂದು ಓದುವುದು. ಚೆನ್ನಾದ ರಾಡಿಯು ಕಂದಾಗಿದ್ದು ಮಳೆ ಬಿದ್ದ ಮಣ್ಣಿನ ವಾಸನೆ ಕೊಡುವುದಂತೆ. ಗಾಳಿ ಸಾಲದಾದರೆ ಕಪ್ಪಾಗಿ ಕೊಳೆತ ತತ್ತಿಯಂತೆ ನಾರುವುದು. ಪ್ರಯೋಗಶಾಲೆಯಲ್ಲಿ ಬೇರೆ ಪರೀಕ್ಷೆಗಳೂ ಇವೆ. ಮುಖ್ಯವಾದ ಬಿ.ಓ.ಡಿ. ಪರೀಕ್ಷೆಗೆ ನಮ್ಮ ದೇಶದಲ್ಲಿ ಸೀಸೆಯನ್ನು ೨೭ ಡಿಗ್ರಿ ಉಷ್ಣತೆಯಲ್ಲಿ ಮೂರು ದಿನ ಇಡುವ ಪದ್ಧತಿಯುಂಟು. ಎಂದರೆ ಉತ್ತರವು ಬರುವ ಹೊತ್ತಿಗೆ ಆ ನೀರು ಹೊರಟುಹೋಗಿ ಮೂರು ದಿನಗಳಾಗಿರುತ್ತವೆ. ಇವತ್ತು ಗಾಳಿ ಹೆಚ್ಚಿಸಬೇಕೋ ರಾಡಿ ತೆಗೆಯಬೇಕೋ ಎಂಬುದನ್ನು ಘಟಕದ ಚಾಲಕನು ಬಣ್ಣದಿಂದ, ನೊರೆಯಿಂದ, ವಾಸನೆಯಿಂದ, ಆ ಗಾಜಿನ ಪಾತ್ರೆಯಿಂದ ನಿಶ್ಚಯಿಸಬೇಕು. ಅಲ್ಲಿಯ ಚಾಲಕನು ಹತ್ತನೆಯ ತರಗತಿಯ ವರೆಗೆ ಓದಿದವನು. “ಕಾಕಾ, ಅವರು ರಾತ್ರಿ ಪಾಳಿಗೆ ಬಂದ ಕೂಡಲೆ ಬ್ಲೋವರಿನ ಸಪ್ಪಳ ಕೇಳಿ ಯಾವ ಪೈಪಿನ ಬಾಯಿ ಕಟ್ಟೇದ ಅಂತ ಹೇಳ್ತಿದ್ರು, ನಾನು ಪುಸ್ತಕ ತೆಗೆಯೋದರಾಗ ವಾಲ್ವ್ ತಿರುವಿ ಮುಗೀತಿತ್ತು,” ಎಂದು ಆಕೆ ನನಗೆ ಹೇಳಿದಳು. ಆ ಮನುಷ್ಯನಿಗೆ ಈ ವಿದ್ಯೆಯ ಯಾವ ಪ್ರಮಾಣಪತ್ರವೂ ಇರಲಿಲ್ಲ.

ಇನ್ನು ನಾನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದ ಸಂಗತಿ.

ಮೂರನೆಯ ತಿಂಗಳಲ್ಲಿ ಒಂದು ಮುಂಜಾನೆ ಒಂದು ಓಣಿಯ ಮ್ಯಾನ್‌ಹೋಲು ಉಕ್ಕಿ ರಸ್ತೆಯೆಲ್ಲ ಹೊಲಸಾಯಿತು. ಹುಡುಗಿಯು ಆ ಹಿರಿಯರ ಜೊತೆಗೆ ಅಲ್ಲಿಗೆ ಹೋದಾಗ ಜೆಟ್ಟಿಂಗ್ ಯಂತ್ರವು ಬೇರೆ ವಾರ್ಡಿನಲ್ಲಿತ್ತು. ಮನೆಗಳವರು ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದರು. ಗುತ್ತಿಗೆದಾರನ ಕಡೆಯ ತರುಣನೊಬ್ಬನು ಅಂಗಿ ಕಳಚಿ, ಮುಚ್ಚಳ ಸರಿಸಿ, ಕಬ್ಬಿಣದ ಮೆಟ್ಟಿಲ ಮೇಲೆ ಒಂದು ಕಾಲಿಟ್ಟೇ ಬಿಟ್ಟಿದ್ದನು. ಹಗ್ಗವನ್ನು ಹಿಡಿದುಕೊಳ್ಳಿರೆಂದು ಯಾರೋ ಈಕೆಯ ಕೈಯಲ್ಲಿ ಕೊಡಲು ಬಂದರು. ಈಕೆಯು ಹಿಡಿಯಲಿಲ್ಲ. ಹಿರಿಯರು ಮಾತಿಲ್ಲದೆ ಆ ತರುಣನ ರಟ್ಟೆಯನ್ನು ಹಿಡಿದು ಮೇಲಕ್ಕೆಳೆದರು. ಅವರ ತಮ್ಮನು ಹೀಗೆಯೇ ಇಳಿದವನು ಮೇಲೆ ಬಂದಿರಲಿಲ್ಲವೆಂಬುದು ಆಕೆಗೆ ಅಂದು ಸಂಜೆ ತಿಳಿಯಿತು.

ಕೊಳಚೆಯ ಗುಂಡಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಎಂಬ ವಿಷವಾಯುವು ಗಾಳಿಗಿಂತ ಭಾರವಾದದ್ದು. ಆದುದರಿಂದ ತಳದಲ್ಲಿ ನಿಲ್ಲುತ್ತದೆ. ಸ್ವಲ್ಪವಿದ್ದಾಗ ಕೊಳೆತ ತತ್ತಿಯ ನಾತ ಕೊಡುತ್ತದೆ, ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ ನಾತವು ನಿಂತಂತೆ ತೋರುತ್ತದೆ. ನಾತವಿಲ್ಲವೆಂದು ಇಳಿದವನು ಅಲ್ಲಿಯೇ ಕುಸಿಯುತ್ತಾನೆ; ಅವನನ್ನು ಎತ್ತಲು ಇಳಿದ ಎರಡನೆಯವನೂ ಕುಸಿಯುತ್ತಾನೆ. ನಮ್ಮ ನಾಡಿನಲ್ಲಿ ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ೧೯೭೦ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ ನಿಷೇಧಿಸಿದರು. ೧೯೯೩ರಲ್ಲಿಯೂ ೨೦೧೩ರಲ್ಲಿಯೂ ಇಡೀ ದೇಶಕ್ಕೆ ಕಾಯಿದೆಗಳಾದುವು. ೨೦೧೩ರ ಕಾಯಿದೆಯ ಮೇರೆಗೆ ರಕ್ಷಣೆಯ ಏರ್ಪಾಡಿಲ್ಲದೆ ಮನುಷ್ಯನನ್ನು ಚರಂಡಿಗೆ ಇಳಿಸಿದವರಿಗೆ ಮೊದಲ ಅಪರಾಧಕ್ಕೇ ಎರಡು ವರ್ಷದ ವರೆಗೆ ಸೆರೆ, ಎರಡು ಲಕ್ಷ ರೂಪಾಯಿಯ ವರೆಗೆ ದಂಡ ಅಥವಾ ಎರಡೂ ಆಗಬಹುದು. ೨೦೧೪ರ ಮಾರ್ಚಿಯಲ್ಲಿ ಸುಪ್ರೀಮ್ ಕೋರ್ಟು ೧೯೯೩ರಿಂದೀಚೆಗೆ ಹೀಗೆ ಸತ್ತವರ ಮನೆಯವರಿಗೆ ಹತ್ತು ಲಕ್ಷ ರೂಪಾಯಿ ಕೊಡಬೇಕೆಂದು ತೀರ್ಪಿತ್ತಿತು. ೨೦೨೩ರ ಅಕ್ಟೋಬ್ರದಲ್ಲಿ ಆ ಮೊತ್ತವನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಈ ಕೆಲಸವು ಕೆಲವು ಜಾತಿಗಳ ಹೆಗಲ ಮೇಲೆಯೇ ಬಿದ್ದಿರುವುದೇಕೆಂದು ನಾನಿಲ್ಲಿ ವಿಸ್ತರಿಸಬೇಕಾಗಿಲ್ಲ. ಪಡಸಾಲೆಯಲ್ಲಿ ನಾವು ತಾಳಿದ ಮೌನವೂ ಅದಕ್ಕೆ ಒಂದು ಉತ್ತರವೇ.

ಅಂದು ಯಂತ್ರವು ಬರಲು ಎರಡು ತಾಸು ಹಿಡಿಯಿತು. ಹುಡುಗಿಯು ಅಧಿಕಾರಿಗಳಿಗೆ ಬರೆದು ತಿಳಿಸುತ್ತೇನೆಂದಾಗ, ಮೇಲಕ್ಕೆಳೆಯಲ್ಪಟ್ಟ ಆ ತರುಣನೇ ಅಂಗಿ ತೊಟ್ಟುಕೊಳ್ಳುತ್ತ ಹೇಳಿದನಂತೆ: “ಅಕ್ಕಾರ, ನೀವು ಮುಂದಿನ ತಿಂಗಳ ಇರೂದಿಲ್ಲ. ಗುಂಡಿ ಇರ್ತೈತಿ, ನಾವೂ ಇರ್ತೀವಿ.” ಆಕೆ ಬರೆದಳು. ಆತನ ಹೆಸರನ್ನು ಬಿಟ್ಟು, ಸ್ಥಳ ಮತ್ತು ವೇಳೆಯನ್ನು ಮಾತ್ರ ನಮೂದಿಸಿದಳು. ಉತ್ತರವೇನೂ ಬರಲಿಲ್ಲ, ಆದರೆ ಯಂತ್ರವನ್ನು ಯಾವ ವಾರ್ಡಿಗೆ ಯಾವಾಗ ಕಳಿಸಲಾಯಿತೆಂದು ಬರೆದಿಡುವ ಒಂದು ಪುಸ್ತಕವು ಆ ಕಚೇರಿಯಲ್ಲಿ ಆರಂಭವಾಯಿತಂತೆ. ಆ ತರುಣನು ಮರುವಾರ ಕೆಲಸಕ್ಕೆ ಬಂದಿರಲಿಲ್ಲ. ಬಿಟ್ಟನೋ ಬಿಡಿಸಿದರೋ ತಿಳಿಯದು. ಇದೊಂದನ್ನು ಹೇಳುವಾಗ ಆಕೆಯ ದನಿ ಇಂದಿಗೂ ಸಣ್ಣದಾಗುತ್ತದೆ.

ಇಷ್ಟನ್ನೆಲ್ಲ ಕೇಳಿದ ಮೇಲೆ ಮಗನನ್ನೋ ಮಗಳನ್ನೋ ಇಂಥ ಕಡೆ ಕಳಿಸಬೇಕೆ ಎಂದು ವಾಚಕರು ಕೇಳಬಹುದು. ಕಳಿಸಬೇಕೆಂದೇ ನನ್ನ ಮತ. ಆದರೆ ಕಣ್ಣು ಮುಚ್ಚಿ ಕಳಿಸಬಾರದು. ಯಾರ ಮಗ್ಗುಲಲ್ಲಿ ನಿಲ್ಲಿಸುವಿರಿ ಎಂದು ಮೊದಲೇ ಕೇಳಬೇಕು. ‘ಇಲಾಖೆಯಲ್ಲಿ’ ಎಂಬ ಉತ್ತರವು ಉತ್ತರವಲ್ಲ, ಒಬ್ಬ ಮನುಷ್ಯನ ಹೆಸರು ಬೇಕು. ಮ್ಯಾನ್‌ಹೋಲಿಗಾಗಲಿ ಮುಚ್ಚಿದ ತೊಟ್ಟಿಗಾಗಲಿ ಇಳಿಯತಕ್ಕದ್ದಿಲ್ಲವೆಂದು ವಿದ್ಯಾಲಯದ ಪತ್ರದಲ್ಲಿಯೇ ಬರೆಸಬೇಕು. ಕಾಲಿಗೆ ಗಟ್ಟಿ ಬೂಟು, ಕೈಗೆ ಗವುಸು, ಧನುರ್ವಾತದ ಚುಚ್ಚುಮದ್ದು, ಊಟದ ಮೊದಲು ಸಾಬೂನಿನಿಂದ ಕೈತೊಳೆಯುವುದು ಇವು ಮನೆಯವರು ನೋಡಿಕೊಳ್ಳತಕ್ಕ ಮಾತುಗಳು. ಹೆಪಟೈಟಿಸ್ ಮತ್ತು ವಿಷಮಶೀತದ ಲಸಿಕೆಗಳ ವಿಷಯವಾಗಿ ವೈದ್ಯರನ್ನು ಕೇಳಿಕೊಳ್ಳುವುದು ಲೇಸು. ಭತ್ತೆಯಿದೆಯೆ ಎಂದು ಕೇಳಲು ನಾಚಬಾರದು. ಹೆಣ್ಣುಮಕ್ಕಳಿಗೆ ಅಲ್ಲಿ ಶೌಚದ ಅನುಕೂಲವುಂಟೆ ಎಂದು ತಪ್ಪದೆ ಕೇಳಬೇಕು. ಊರಿನ ಶೌಚದ ನೀರನ್ನೆಲ್ಲ ನೋಡಿಕೊಳ್ಳುವ ಆ ಘಟಕದಲ್ಲಿ ನಮ್ಮ ಹುಡುಗಿಗೆ ಇದೊಂದು ಅನುಕೂಲವೇ ಇರಲಿಲ್ಲವೆಂದರೆ ನಗುವುದೋ ಅಳುವುದೋ! ಪಕ್ಕದ ಮನೆಯ ಹೆಣ್ಣುಮಗಳೊಬ್ಬಳು ದಿನಾಲು ಬಾಗಿಲು ತೆರೆದುಕೊಟ್ಟದ್ದರಿಂದ ಕೆಲಸ ಸಾಗಿತು. ವರದಿಯನ್ನು ಒಪ್ಪಿಸುವಾಗ ಅದರ ಒಂದು ಪ್ರತಿಯನ್ನು ಕಲಿಸಿದ ಕೆಲಸಗಾರರಿಗೂ ಅವರ ಭಾಷೆಯಲ್ಲಿ ಕೊಡುವುದು ಒಳ್ಳೆಯದು. ನಮ್ಮವಳು ಕನ್ನಡದಲ್ಲಿ ಹನ್ನೆರಡು ಪುಟ ಬರೆದು ಆ ಹಿರಿಯರಿಗೆ ಓದಿ ತೋರಿಸಿದಳು. ಅವರು ಎರಡು ಮ್ಯಾನ್‌ಹೋಲುಗಳ ಜಾಗವನ್ನು ತಿದ್ದಿದರು.

ಆಕೆ ಮರಳಿ ಬಂದು ಒಂದು ವಾರವಾಗಿತ್ತು. ಬೆಂಗಳೂರಿನ ಕಂಪನಿಯೊಂದರಿಂದ ಪತ್ರ ಬಂದಿದೆ. ಒಳಚರಂಡಿ ಮಂಡಳಿಯಲ್ಲಿ ಜಾಗ ಕರೆದರೆ ಅರ್ಜಿ ಹಾಕುವೆನೆಂದೂ ಹೇಳುತ್ತಾಳೆ. ನಿರ್ಣಯ ಇನ್ನೂ ಆಗಿಲ್ಲ, ಮನೆಯಲ್ಲಿ ಯಾರೂ ಒತ್ತಾಯ ಮಾಡುತ್ತಿಲ್ಲ. ಅಂದು ರಾತ್ರಿ ಊಟ ಮುಗಿದು ಪಾತ್ರೆ ತೊಳೆಯುವ ಹೊತ್ತಿನಲ್ಲಿ ನಮ್ಮ ತಾಯಿಯವರು ಒಮ್ಮೆಲೆ ಕೇಳಿದರು:

“ತಂಗಿ, ನಮ್ಮ ಬಚ್ಚಲದ ನೀರು ಗಬ್ಬೂರಿನಷ್ಟು ದೂರ ಹೋಗಿ ಮುಟ್ಟಬೇಕಾದ್ರ ಎಷ್ಟು ಹೊತ್ತು ಬೇಕು?”

ಆಕೆ ಮನಸ್ಸಿನಲ್ಲಿಯೇ ಲೆಕ್ಕ ಹಾಕಿದಳು. ಸೆಕೆಂಡಿಗೆ ೦.೬ ಮೀಟರು, ಎಂದರೆ ತಾಸಿಗೆ ಎರಡು ಕಿಲೋಮೀಟರಿಗೆ ತುಸು ಮಿಕ್ಕು. ದೂರ ಆರೇಳು ಕಿಲೋಮೀಟರು. “ನಡುವ ಎಲ್ಲೂ ಕಟ್ಟದಿದ್ರ ಮೂರು ತಾಸು, ಅಜ್ಜಿ.”

“ಹಂಗಾದ್ರ ಮುಂಜಾನೆ ಸ್ನಾನದ ನೀರು, ನಾವು ಊಟಕ್ಕೆ ಕೂಡೋ ಮೊದಲs ಅಲ್ಲಿರ್ತದ,” ಎಂದು ಹೇಳಿ ಅವರು ಮೋರಿಯ ಜಾಳಿಗೆಯನ್ನು ಎತ್ತಿ, ಅದರಲ್ಲಿ ಸಿಕ್ಕಿದ್ದ ಅನ್ನದ ಅಗುಳನ್ನು ಹಿತ್ತಲಿನ ಗಿಡದ ಬುಡಕ್ಕೆ ಹಾಕಲು ಹೋದರು.